ಪಾರಿವಾಳಕ್ಕೆ ಬಲೆ

ಫೆಬ್ರವರಿ 2, ಭಾನುವಾರ

ಇವತ್ತೂ ಹೆಂಡತಿ ಅಹಲ್ಯಾಳ ಕವಿತಾಗೋಷ್ಠಿಗೆ ಡ್ರೈವರಾಗಿ ಹೋದೆ. ದಿಲ್ಲಿಯ ಮಯೂರ್ ವಿಹಾರದ ಹತ್ತು ಕನ್ನಡಿಗರು, ಒಂದು ತಟ್ಟೆ ಕೋಡುಬಳೆ. ನಿಯಮ: ಬರೆದವರು ಓದಿದ ಮೇಲೆ ಬಾಯಿ ಬಿಡುವಂತಿಲ್ಲ, ಕೇಳಿದವರೇ ಅರ್ಥ ಹೇಳಬೇಕು. ಅಹಲ್ಯಾ ಓದಿದಳು—

ಬಾಲ್ಕನಿಯ ಪಾರಿವಾಳ
ಹನ್ನೆರಡು ವರ್ಷ ನನ್ನ ಕೈಯ ಕಾಳು ತಿಂದಿತು,
ಒಮ್ಮೆಯೂ ಮುಖ ನೋಡಲಿಲ್ಲ.

ನನ್ನ ಸರದಿ. ಸರ್ಕಾರಿ ನೌಕರ, ಸಮಸ್ಯೆ ಕಂಡರೆ ಟಿಪ್ಪಣಿ ಹಾಕದೆ ಇರಲಾರೆ. “ನೆಟ್ ಹಾಕಿಸಿದರಾಯ್ತು” ಅಂದೆ. ಎಲ್ಲ ನಕ್ಕರು. ಏಕನಾಥ ಮಾತ್ರ— ಕಾಲೇಜು ಮೇಷ್ಟ್ರು, ಗಡ್ಡ, ಜುಬ್ಬಾ— ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ಸಾರ್, ಅದು ಬರೀ ಪಾರಿವಾಳ ಅಲ್ಲ. ಕವಿತೆಗೆ ಪರಿಹಾರ ಹುಡುಕಬೇಡಿ. ಸ್ವಲ್ಪ ಹೊತ್ತು ಅದರ ಪಕ್ಕ ಕೂತ್ಕೊಳ್ಳಿ.”

ಅಹಲ್ಯಾ ಅವನನ್ನು ನೋಡಿದ ನೋಟ! ಮದುವೆ ಆಲ್ಬಮ್ಮಿನಲ್ಲೂ ನನಗೆ ಸಿಕ್ಕಿಲ್ಲ.

ಫೆ. 3, ಸೋಮವಾರ, ಆಫೀಸು

ಫೈಲ್ ತೆರೆದರೂ ಪಾರಿವಾಳ. ಪಾರಿವಾಳ ಅಲ್ಲವಾದರೆ ಯಾರು? ಕವಿತೆ ತಿದ್ದುವ ನೆಪದಲ್ಲಿ ನಮ್ಮ ಬಾಲ್ಕನಿಯಲ್ಲಿ ಕೂತು, ಅವಳ ಕೈಯ ಚಕ್ಕುಲಿ ತಿನ್ನುವವನು... ಏಕನಾಥ! ರೂಪಕ ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಫೆ. 8, ಶನಿವಾರ

ನೆಟ್ ಹಾಕಿಸಿದೆ. “ಅಬ್ ಏಕ್ ಭೀ ನಹೀಂ ಆಯೇಗಾ ಸಾಬ್” ಅಂದ ಜಾಲಿವಾಲಾ ಭಯ್ಯಾ. ಇನ್ನು ಒಂದೂ ಬರಲ್ಲವಂತೆ. ಹೊಟ್ಟೆ ತಣ್ಣಗಾಯಿತು.

“ನಿಮಗೆ ಅರ್ಥವಾಗಿದ್ದು ಇಷ್ಟೇನಾ?” ಅಹಲ್ಯಾ.

“ಪೂರ್ತಿ ಆಗಿದೆ. ಯಾರು ಅಂತಲೂ.”

“ಯಾರು?”

“ನಿನ್ನ ಏಕನಾಥ.”

ನಗಲಿಲ್ಲ, ಅಳಲಿಲ್ಲ. “ಅವರು ದಿಲ್ಲಿಗೆ ಬಂದು ಎಂಟು ತಿಂಗಳೂ ಆಗಿಲ್ಲ ರೀ” ಅಂದು ಅಕ್ಕಿ ತೊಳೆಯಲು ಹೋದಳು.

ಫೆ. 9, ಭಾನುವಾರ

ಗೋಷ್ಠಿಗೆ ಹೋಗಲಿಲ್ಲ ಅವಳು. ತಲೆನೋವಂತೆ.

ಫೆ. 15, ಶನಿವಾರ, ಬೆಳಿಗ್ಗೆ 7

ಹನ್ನೆರಡು ವರ್ಷ. ನಮ್ಮ ಮದುವೆಯಾಗಿ— ಹ್ಞೂಂ. ಅಷ್ಟು ವರ್ಷದಿಂದ ಅವಳ ಕೈಯದು ತಿಂದುಕೊಂಡಿರುವ ಪ್ರಾಣಿ ಈ ಮನೆಯಲ್ಲಿ ಒಂದೇ. ಫೋನ್ ನೋಡುತ್ತಾ ತಿನ್ನುತ್ತೆ. ಪುಣ್ಯಕ್ಕೆ ಗಡ್ಡ ಇಲ್ಲ.

ಮೂರೇ ಸಾಲು. ಆ ಜುಬ್ಬಾದವನಿಗೆ ಒಂದೇ ಸಲಕ್ಕೆ ತಿಳಿಯಿತಲ್ಲ! ಉರಿ ಇನ್ನೂ ಆರಿಲ್ಲ.

ನೆಟ್ಟಿನೊಳಗೆ ಈಗ ನಾವಿಬ್ಬರೇ. ಅವಳು ಪೇಪರ್ ಓದುತ್ತಿದ್ದಾಳೆ. ಡೈರಿ ತೊಡೆಯ ಮೇಲಿಟ್ಟುಕೊಂಡು ಪಕ್ಕ ಕೂತಿದ್ದೇನೆ. ಫೋನ್ ಒಳಗೆ ಬಿಟ್ಟು ಬಂದೆ.

“ಏನ್ರೀ?”

“ಏನಿಲ್ಲ.”

ಟಿಪ್ಪಣಿ ಇಲ್ಲ, ಪರಿಹಾರ ಇಲ್ಲ. ಬರೀ ನೋಡಿದೆ. ಬಲಗಿವಿಯ ಕೆಳಗೆ ಎಳ್ಳಿನಷ್ಟು ಮಚ್ಚೆ. ಇದು ಯಾವಾಗಿನಿಂದ—