ಬಲಗೈ ಬಿಚ್ಚಿದ ಮೇಲೆ

ರಾಯದುರ್ಗ
ಕಾರ್ತಿಕ ಸೋಮವಾರ, 17 ನವೆಂಬರ್ 2025

ಅನ್ನದಾನಮ್ಮನಿಗೆ, ಸಿದ್ದರಾಮೇಶ ನೆನೆದು ಬರೆಯುವುದು.

ಅಕ್ಷರ ಸೊಟ್ಟಗಿವೆ ಎಂದು ಗಾಬರಿಯಾಗಬೇಡ. ನನ್ನ ಬಲಗೈಗೆ ಆಪರೇಷನ್ ಆಯಿತು. ಬೆರಳಿಗೆ ಕೆಲಸ ಕೊಡಿ, ದಿನಾ ಒಂದಷ್ಟು ಬರೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಯಾರಿಗೆ ಬರೆಯಲಿ ಎಂದು ಯೋಚಿಸಿದರೆ ನೆನಪಾದದ್ದು ನಿನ್ನ ಮಡಕಶಿರದ ವಿಳಾಸ ಒಂದೇ.

ನೀನು ಇಲ್ಲಿದ್ದಾಗಲೇ ಅಂಗೈಯಲ್ಲಿ ಒಂದು ಗಂಟು ಇತ್ತಲ್ಲ, ಅದು ಹಗ್ಗದ ಹಾಗೆ ಬಿಗಿದು ಕಿರುಬೆರಳನ್ನೂ ಉಂಗುರದ ಬೆರಳನ್ನೂ ಮಡಚಿಬಿಟ್ಟಿತು. ಜೀನ್ಸ್ ಕಾರ್ಖಾನೆಯಲ್ಲಿ ಕತ್ತರಿ ಹಿಡಿಯಲಾಗದೆ, ಪ್ಯಾಂಟಿನ ಗುಂಡಿ ಆರಿಸಿಡುವವರ ಸಾಲಿನಲ್ಲಿ ಕೂತೆ. ಮುಖ ತೊಳೆದರೆ ಬೆರಳು ಕಣ್ಣಿಗೆ ಚುಚ್ಚುತ್ತಿತ್ತು. ಯಾರಿಗಾದರೂ ಕೈ ಮುಗಿದರೆ ಮುಷ್ಟಿ ತೋರಿಸಿದ ಹಾಗೆ ಕಾಣುತ್ತಿತ್ತು.

ಆಪರೇಷನ್ ಬಳ್ಳಾರಿಯಲ್ಲಿ. ನರ್ಸಮ್ಮ, “ಯಜಮಾನ್ರ, ಜೊತಿಗೆ ಯಾರು ಬಂದಾರ್ರಿ?” ಎಂದು ಕೇಳಿದಳು. “ಹೆಂಡ್ತಿ ಸಂಜಿ ಬಸ್ಸಿಗೆ ಬರ್ತಾಳಮ್ಮ” ಅಂದುಬಿಟ್ಟೆ. ನಿನಗೆ ತಿಳಿಸಿಯೇ ಇರಲಿಲ್ಲ. ಸಂಜೆ ಆಕೆ ಮತ್ತೆ ಬಂದಾಗ ನಿದ್ದೆ ಹತ್ತಿದವನಂತೆ ಕಣ್ಣು ಮುಚ್ಚಿದೆ.

ಕೈಗೆ ಬ್ಯಾಂಡೇಜು ಸುತ್ತಿ ಮೇಲಕ್ಕೆ ಕಟ್ಟಿದ್ದರು. ಎಡಗೈಯಲ್ಲಿ ಉಣ್ಣಲು ಹೋದರೆ ಅನ್ನವೆಲ್ಲ ಎದೆಯ ಮೇಲೆ ಚೆಲ್ಲಿತು. ಪಕ್ಕದ ಮಂಚದ ರೋಗಿಯ ಹೆಂಡತಿ, ಡಿ. ಹಿರೇಹಾಳಿನ ಹಂಪಕ್ಕ, ತಟ್ಟೆ ಕೈಗೆತ್ತಿಕೊಂಡು, “ಯಾಕ ನಾಚ್ಕಂತೀರಿ ಅಣ್ಣಾರ, ಬಾಯಿ ತೆಗೀರಿ” ಎಂದು ತುತ್ತಿಟ್ಟಳು. ಕಣ್ಣಲ್ಲಿ ನೀರು ಬಂತು. ಖಾರ ಹತ್ತಿತು ಅಂದೆ. ತಟ್ಟೆಯಲ್ಲಿದ್ದದ್ದು ಮೊಸರನ್ನ.

ಈಗ ಹೊಲಿಗೆ ಬಿಚ್ಚಿದ್ದಾರೆ. ಬೆರಳು ಮತ್ತೆ ಮಡಚಿಕೊಳ್ಳದಿರಲಿ ಎಂದು ಮಲಗುವಾಗ ಗಟ್ಟಿ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಬೆಳಿಗ್ಗೆ ಮೇಜಿನ ಮೇಲೆ ಅಂಗೈ ಒತ್ತಿದರೆ ಉಂಗುರದ ಬೆರಳು ಪೂರ್ತಿ ನೆಟ್ಟಗಾಗುತ್ತದೆ, ಕಿರುಬೆರಳು ಇನ್ನೂ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ನೋಡು ಎಂದು ತೋರಿಸಲು ಮನೆಯಲ್ಲಿ ಯಾರೂ ಇರುವುದಿಲ್ಲ.

ನೀನು ನಿನ್ನ ತಾಯಿಯ ಆರೈಕೆಗೆಂದು ಹೋದವಳು ಅವರು ತೀರಿಕೊಂಡ ಮೇಲೂ ಅಲ್ಲೇ ಉಳಿದೆ. ಬಾ ಎಂದು ನಾನು ಹೇಳಲಿಲ್ಲ, ಬರಲೇ ಎಂದು ನೀನು ಕೇಳಲಿಲ್ಲ. ಈಗಲೂ ಕರೆಯಲೆಂದು ಬರೆಯುತ್ತಿಲ್ಲ. ನನಗೆ ಯಾವ ತೊಂದರೆಯೂ ಇಲ್ಲ. ಅಂಗಿ ನಾನೇ ಹಾಕಿಕೊಳ್ಳುತ್ತೇನೆ, ಅಡುಗೆಯೂ ಹೇಗೋ ನಡೆಯುತ್ತದೆ. ನಿನ್ನ ಆರೋಗ್ಯ ನೋಡಿಕೋ.

ಇಂತಿ ನಿನ್ನ
ಸಿದ್ದರಾಮೇಶ

ಮುಗಿಸಿದ ಮೇಲೆ ಬರೆದದ್ದು: ಎಡಗೈ ಬೆರಳೂ ಮಡಚಿಕೊಳ್ಳತೊಡಗಿದೆ. ಬೇಸಿಗೆಯೊಳಗೆ ಅದಕ್ಕೂ ಆಪರೇಷನ್ ಆಗಬೇಕಂತೆ. ಆಗ ನೀನು ಬಾ, ಅನ್ನದಾನಿ. ಒಬ್ಬನೇ ಹೋಗಲು ನನಗೆ ಭಯವಾಗುತ್ತದೆ.