ಅಪ್ಪ ಬೇಡವೆಂದ ರಕ್ತ

ಪ್ರೀತಿಯ ಅಪ್ಪಾ,

ನಿನಗೆ ಕೊಟ್ಟ ಮಾತು ಮುರಿದಿದ್ದೇನೆ. ಸಿಟ್ಟಾಗುವ ಮೊದಲು ಪೂರ್ತಿ ಓದು.

ತೊಂಬತ್ತೊಂಬತ್ತರಲ್ಲಿ ಬಾಗಲಕೋಟೆಯ ದವಾಖಾನೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ಹೇಳಿದ ದಿನ ನೆನಪಿದೆಯಾ? ನೀನು ಅಳಲಿಲ್ಲ. ನನ್ನನ್ನೂ ಅಕ್ಕನನ್ನೂ ಹತ್ತಿರ ಕರೆದು, "ನನ್ನ ರಕ್ತ ಕೆಟ್ಟೈತಿ. ಅದ ನಿಮ್ಮ ಮೈಯಾಗೂ ಹರೀತೈತಿ. ಯಾರಿಗೂ ಕೊಡಬ್ಯಾಡ್ರಿ, ಆಣಿ ಮಾಡ್ರಿ" ಅಂದೆ. ಮಾಡಿದೆವು. ಆಗ ನಮಗೇನು ಗೊತ್ತಿತ್ತು...

ಇಳಕಲ್ಲಿನ ಮನೆಯಲ್ಲಿ ಅವ್ವ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಒಮ್ಮೆ ಎರಡು ಕೊಂಡಿ ಅದಲುಬದಲಾಗಿ ಸೆರಗು ಕೆಟ್ಟಾಗ ಮಗ್ಗಕ್ಕೇ ಶಾಪ ಹಾಕಿದಳು. "ಮಗ್ಗಕ್ಯಾಕ ಬೈತೀ? ಈ ಸೀರಿದಷ್ಟ ತಪ್ಪು" ಎಂದು ನೀನು ನಕ್ಕಿದ್ದೆ. ನಿನ್ನ ರೋಗವೂ ಅಷ್ಟೇ ಅಪ್ಪಾ. ಹುನಗುಂದದ ಕಾಲೇಜಿನಲ್ಲಿ ಈಗ ಅದನ್ನೇ ಪಾಠ ಹೇಳುತ್ತೇನೆ. ನಿನ್ನ ಎಲುಬಿನ ಮಜ್ಜೆಯ ಒಂದೇ ಒಂದು ಜೀವಕೋಶದಲ್ಲಿ ಎರಡು ವರ್ಣತಂತುಗಳು ತುಂಡಾಗಿ, ತುದಿಗಳು ಅದಲುಬದಲಾಗಿ ಕೂಡಿದವು. ಹಾಗೆ ಹುಟ್ಟಿದ ಜೀನ್ ಒಂದು ಪ್ರೋಟೀನು ಮಾಡಿತು. ಕೋಶದ ಹೊರಗಿನಿಂದ ಸಂದೇಶ ಬರುವ ತನಕ ಸುಮ್ಮನಿರಬೇಕಾದ ಅದು, ಯಾರೂ ಹೇಳದಿದ್ದರೂ "ಬೆಳಿ, ಬೆಳಿ" ಎನ್ನುತ್ತಲೇ ಇತ್ತು. ಆ ಮಾತು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿ ಕೋಶಕೇಂದ್ರ ಮುಟ್ಟಿತು. ಸುಮ್ಮನಿರಬೇಕಾದ ಜೀನ್‌ಗಳು ಎದ್ದವು, "ಸಾಕು" ಎನ್ನಬೇಕಾದವು ಬಾಯಿ ಮುಚ್ಚಿದವು. ಆ ದೋಷ ನಿನಗೆ ಹುಟ್ಟಿನಿಂದ ಬಂದದ್ದಲ್ಲ, ನಮಗೆ ಬರುವಂಥದ್ದೂ ಅಲ್ಲ.

ಆ ಪ್ರೋಟೀನನ್ನು ತಡೆಯುವ ಗುಳಿಗೆ ನೀನು ತೀರಿಹೋದ ಎರಡು ಮೂರು ವರ್ಷಕ್ಕೆ ಬಂತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇನ್ನೊಂದಿಷ್ಟು ದಿನ ಇದ್ದಿದ್ದರೆ...

ಹೋದ ವಾರ ಅಕ್ಕನ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲಿಲ್ಲ. ಅವಳ ಗುಂಪಿನ ರಕ್ತ ದವಾಖಾನೆಯಲ್ಲಿ ಇರಲಿಲ್ಲ. "ನಿಮ್ಮದು ಹೊಂದತೈತ್ರಿ, ಕೊಡ್ತೀರೇನು?" ಎಂದು ಡಾಕ್ಟರಮ್ಮ ಕೇಳಿದರು. ಇಷ್ಟೆಲ್ಲ ಓದಿಯೂ ನಿನ್ನ ಆಣೆಗೆ ಹೆದರಿದೆ, ನೋಡು. ಕಡೆಗೆ, ಅಪ್ಪನಿಗೆ ಆಣೆ ಮಾಡಿದ್ದೇನೆ ಎಂದು ಹೇಳಿಕೊಂಡೆ. ಅವರು, "ಅಪ್ಪಗ ಆಮ್ಯಾಲ ಹೇಳೂಣ್ರಿ. ಮೊದ್ಲ ತೋಳು ಚಾಚ್ರಿ" ಅಂದರು.

ಚಾಚಿದೆ. ಅಕ್ಕ ಉಳಿದಳು. ಹೆಣ್ಣು ಮಗು, ದನಿ ಜೋರಿದೆ. ಎಚ್ಚರವಾದಾಗ ಅಕ್ಕ ನನ್ನ ತೋಳಿನ ಪಟ್ಟಿ ನೋಡಿದಳು. ಮಗುವಿನ ಬಗ್ಗೆಯೂ ಕೇಳದೆ, "ಅಪ್ಪನ್ನ ಕೇಳಿದ್ಯೇನ?" ಅಂದಳು.

ಈಗ ಕೇಳುತ್ತಿದ್ದೇನೆ, ಅಪ್ಪಾ.

ನಿನ್ನ ಸಣ್ಣ ಮಗಳು