ಬಾಗಿಲಿಗೆ ಸಿಕ್ಕ ಬೆರಳು

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ ಅಮ್ಮನ ಮುದ್ದು. ಬೇಡ ಅನ್ನಿಸಿದರೆ ಈ ಸಾಲು ಬಿಟ್ಟು ಮುಂದೆ ಓದು.

ನೀನು ಚಿಕ್ಕಮ್ಮನ ಮನೆಗೆ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಬೆರಳಿನ ಪಟ್ಟಿ ಬಿಚ್ಚಿದರಂತೆ. ಮಡಚೋಕೆ ಬರುತ್ತಾ? ಕೇಳೋಣವೆಂದರೆ ನೀನು ಫೋನಿಗೇ ಬರುವುದಿಲ್ಲ. ಬರಬೇಡ, ನಿನ್ನದೇನೂ ತಪ್ಪಿಲ್ಲ.

ಅವತ್ತು ನಡೆದದ್ದನ್ನು ನನ್ನ ಕೈಯಾರೆ ಬರೆಯಬೇಕು. ಮಾರನೇ ದಿನ ಗಣಿತದ ಪರೀಕ್ಷೆ ಅಂತ ನೀನು ಊಟದ ಮೇಜಿನ ಮೇಲೆ ಟಕಟಕ ಬಡಿಯುತ್ತಾ ಕೂತಿದ್ದೆ. ಗಾಬರಿಯಾದಾಗಲೆಲ್ಲ ಬಡಿಯುತ್ತೀಯ, ಚಿಕ್ಕಂದಿನಿಂದಲೂ. ನಾನು ಆಗತಾನೇ ಡ್ರಮ್ ಕ್ಲಾಸು ಮುಗಿಸಿ ಬಂದಿದ್ದೆ. ಸಾಕು ಅಂದೆ, ಎರಡು ಸಲ ಅಂದೆ. ಮೂರನೇ ಸಲ ಕೈಯೇ ಎತ್ತಿದೆ. ಕೈಯಲ್ಲಿ ಡ್ರಮ್ಮಿನ ಕೋಲಿತ್ತು.

ಡಾಕ್ಟರು ಕೇಳಿದಾಗ ಬಾಗಿಲಿಗೆ ಸಿಕ್ಕಿತು ಅಂದೆ. ನೀನು ನನ್ನ ಮುಖ ನೋಡಿ, ಹೌದು ಅಂತ ತಲೆಯಾಡಿಸಿದೆ. ಹದಿಮೂರು ವರ್ಷದ ಹುಡುಗಿ ಅಮ್ಮನ ಮಾನ ಉಳಿಸಬೇಕಾಯಿತಲ್ಲ! ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಬೀಳ.

ತಮಾಷೆ ಕೇಳು. ವಾರಕ್ಕೆ ಮೂರು ಸಂಜೆ ಬಸ್ ಡ್ರೈವರು, ನರ್ಸು, ಗುಮಾಸ್ತರು, ದಿನವಿಡೀ ಯಾರ ಕೈಲೋ ಬೈಸಿಕೊಂಡು ಬಂದವರೆಲ್ಲ ನನ್ನೆದುರು ಡ್ರಮ್ ಇಟ್ಟುಕೊಂಡು ಕೂರುತ್ತಾರೆ. ನಿಧಾನ, ಉಸಿರು ಬಿಡಿ, ಕೋಪವೆಲ್ಲ ಕೋಲಿನ ತುದಿಯಿಂದ ಇಳಿದುಹೋಗಲಿ ಅಂತ ಸಕ್ಕರೆ ಸುರಿದ ಹಾಗೆ ಹೇಳುತ್ತೇನೆ. ಅವರಿಗೆ ಇಳಿಯುತ್ತದೆ ಕೂಡ. ಹೋದ ವಾರ ಆ ಡ್ರೈವರು, ಮೇಡಂ ಮನೇಲಿ ಸಿಟ್ಟೇ ಮಾಡಲ್ಲ ಅನ್ಸುತ್ತೆ, ಅವರ ಮಕ್ಕಳು ಪುಣ್ಯ ಮಾಡಿದ್ರು ಅಂತ ಎಲ್ಲರಿಗೂ ಕೇಳಿಸುವ ಹಾಗೆ ಅಂದರು. ನಾನು ನಕ್ಕೆ. ನಕ್ಕುಬಿಟ್ಟೆ ಕಣೇ. ಆಮೇಲೆ ತಾಳ ಹಿಡಿಯಲು ಆಗಲೇ ಇಲ್ಲ, ತಲೆನೋವು ಅಂತ ಎಲ್ಲರನ್ನೂ ಬೇಗ ಕಳಿಸಿದೆ.

ಇನ್ನೊಂದಿದೆ. ಅವರಿಗೆ ಮೊದಲು ಕಲಿಸುವ ತಾಳ ನಿನ್ನದು. ಯಾರೋ ದೊಡ್ಡ ಗುರುಗಳಿಂದ ಕಲಿತೆ ಅಂತ ಕೊಚ್ಚಿಕೊಂಡಿದ್ದೇನೆ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಹೊರಗೆ ಬೆಂಚಿನ ಮೇಲೆ ಕೂತು ಬಡಿಯುತ್ತಿದ್ದೆ, ಎರಡು ಮೆಲ್ಲಗೆ, ಒಂದು ಜೋರಾಗಿ. ನಿನಗಾಗ ಐದು ವರ್ಷ. ಅದನ್ನು ಕೇಳ್ತಾ ಕೇಳ್ತಾ ನನ್ನ ನಡುಕ ನಿಂತಿತ್ತು. ಅದೇ ಕೈಗೆ ನಾನು ಹೊಡೆದದ್ದು.

ನಿನ್ನೆ ಚಿಕ್ಕಮ್ಮನಿಗೆ ಫೋನು ಮಾಡಿ, ಬಾಗಿಲಿನ ಕಥೆ ಸುಳ್ಳು ಅಂತ ಹೇಳಿದ್ದೇನೆ. ಇನ್ನು ನನಗೋಸ್ಕರ ನೀನು ಏನನ್ನೂ ಮುಚ್ಚಿಡಬೇಕಾಗಿಲ್ಲ. ಮನೆಗೆ ಬಾ ಅಂತ ಕರೆಯಲು ನನಗೆ ಬಾಯಿಲ್ಲ. ಬಂದರೆ ಮೇಜು ನಿನ್ನದು, ಎಷ್ಟು ಬೇಕೋ ಅಷ್ಟು ಬಡಿ.

ಮುಖ ತೋರಿಸಲಾಗದ
ನಿನ್ನ ಅಮ್ಮ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಚಿಕ್ಕಮ್ಮನಿಗೆ ಫೋನು ಮಾಡಿದ್ದು ನಿಜ. ಅವಳು ಹಲೋ ಅಂದ ಕೂಡಲೇ ಹೊಲಿಗೆ ಮಿಷನ್ ರಿಪೇರಿ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಲಕೋಟೆಯ ಮೇಲೆ ನಿನ್ನ ಹೆಸರು ಬರೆದಿಲ್ಲ, ಅವಳದ್ದು ಬರೆದಿದ್ದೇನೆ. ಅವಳೇ ಒಡೆದು ಮೊದಲು ಓದಲಿ. ಆಮೇಲೂ ನಿನಗೆ ಕೊಡಬೇಕು ಅನ್ನಿಸಿದರೆ ಕೊಡಲಿ.